ಹಸಿಮಣ್ಣಿನ ವಾಸನೆ

ಗದಗ ಜಿಲ್ಲೆಯ ಹೆಣ್ಣುಮಗಳು, ಮೂವತ್ತರ ಆಸುಪಾಸು. ಗುರುತು ಸಿಗದಂತೆ ವಿವರ ಬದಲಿಸಿದೆ. 2019ರ ಆಗಸ್ಟ್ ಮಳೆಗೆ ಮನೆಯ ಮಣ್ಣಿನ ಗೋಡೆ ಕುಸಿದು ಅದರಡಿ ಸಿಕ್ಕಿಕೊಂಡಿದ್ದರು, ಅತ್ತೆ ಉಳಿಯಲಿಲ್ಲ. ಮುಂದೆ ಆರ್‌ಸಿಸಿ ಮನೆಯಾಯಿತು. ಆದರೂ ಮೋಡ ಕವಿದರೆ ಮಕ್ಕಳನ್ನೆತ್ತಿಕೊಂಡು ಗುಡಿಗೆ ಓಟ. "ಮರತ ಬಿಡವಾ" ಎಂದು ಹೇಳಿ ಹೇಳಿ ಎಲ್ಲರೂ ಸೋತಿದ್ದರು. ಇಂಥವರು ಪ್ರತಿ ಮಳೆಗಾಲ ನನ್ನಲ್ಲಿಗೆ ಮನೋಚಿಕಿತ್ಸೆಗೆ ಬರುತ್ತಾರೆ, ಅದಕ್ಕೇ ಇದನ್ನು ಬರೆಯಬೇಕಾಯಿತು.

ಎರಡು ಭೇಟಿ ಮಳೆ, ಗುಡುಗಿನ ಮಾತಲ್ಲೇ ಕಳೆದವು. ಮೂರನೆಯದರಲ್ಲಿ ಜೊತೆಗೆ ಬಂದ ಗಂಡ ದೂರು ಹೇಳಿದರು: ಮಣ್ಣೆತ್ತಿನ ಅಮವಾಸ್ಯೆಗೆ ಮಗ ಮಾಡಿದ ಎತ್ತುಗಳನ್ನು ಪೂಜೆಗೆ ಮೊದಲೇ ಹೊರಗೆ ಒಗೆದಳಂತೆ. ಆಕೆ ಸೆರಗಿನ ತುದಿ ಹಿಂಡುತ್ತಾ ಕೂತಿದ್ದವರು, "ಮಳಿಗೆ ಅಂಜೂದಿಲ್ರಿ ನಾ. ಹಸಿ ಮಣ್ಣಿನ ವಾಸನಿ ಬಂತಂದ್ರ ಬಾಯಾಗ ಮಣ್ಣು ತುಂಬಿದಂಗ ಆಗ್ತೈತ್ರಿ" ಎಂದರು.

ಆಘಾತದ ನೆನಪು ವಾಸನೆಯಾಗಿ, ಸದ್ದಾಗಿ, ಕಟ್ಟಿದ ಉಸಿರಾಗಿ ಮೈಯಲ್ಲಿ ಕೂತಿರುತ್ತದೆ. ಮನೆ ಬದಲಾದರೂ ಬೆನ್ನು ಬಿಡದ್ದು ಇದಕ್ಕೇ. ಓಡಿದಾಗಲೊಮ್ಮೆ ಎದೆಬಡಿತ ಇಳಿಯುತ್ತದೆ, 'ಓಡಿದ್ದಕ್ಕೇ ಬದುಕಿದೆ' ಎಂದು ಮೈ ನಂಬುತ್ತದೆ. ಮುಂದಿನ ಸಲ ಅಂಜಿಕೆ ಇನ್ನೂ ಬೇಗ ಬರುತ್ತದೆ.

ಓಡದೆಯೂ ಅಂಜಿಕೆ ಇಳಿಯುತ್ತದೆಂದು ಮೈಗೆ ಕಲಿಸಲು ಹೇಳಿದ ಸಲಹೆ ಇಷ್ಟು. ಬಟ್ಟಲಲ್ಲಿ ಒಂದು ಹಿಡಿ ಎರೆಮಣ್ಣು, ಎರಡು ಚಮಚ ನೀರು. ಮೊದಲು ಮಾರು ದೂರದಲ್ಲಿ, ಆಮೇಲೆ ಮಡಿಲಲ್ಲಿ, ಕೊನೆಗೆ ಅಂಗೈಯಲ್ಲಿ. ಅಂಜಿಕೆ 0ಯಿಂದ 100ರೊಳಗೆ ಎಷ್ಟೆಂದು 5 ನಿಮಿಷಕ್ಕೊಮ್ಮೆ ಹೇಳಬೇಕು. 80 ಇದ್ದದ್ದು 40ಕ್ಕೆ ಇಳಿಯುವ ತನಕ ಏಳಬಾರದು. ಕಣ್ಣು ತೆರೆದೇ ಇರಬೇಕು. ಅಂದಿಗೂ ಇಂದಿಗೂ ಇರುವ ವ್ಯತ್ಯಾಸ ಬಾಯಿಬಿಟ್ಟು ಹೇಳಬೇಕು: ಮೇಲೆ ಸ್ಲ್ಯಾಬ್ ಐತಿ, ಬಾಗಲಾ ತೆರದೈತಿ, ಉಸರಾಡಾಕತ್ತೀನಿ. ಅಂಜಿಕೆ ಏರಿದ ಹೊತ್ತಲ್ಲೇ ಎದ್ದುಬಿಟ್ಟರೆ ಕೆಲಸ ಕೆಡುತ್ತದೆ. ಗಂಡ ಕೈ ಹಿಡಿದು ಕೂತರೂ ಕೆಡುತ್ತದೆ. ಪಾರಾದದ್ದು ಆತನಿಂದ ಎಂದು ಮನಸ್ಸು ಲೆಕ್ಕ ಹಾಕಿಬಿಡುತ್ತದೆ.

ನೊಂದವಳ ಕೈಗೇ ಮಣ್ಣು ಕೊಡುವುದು ಕ್ರೂರತನ ಎಂದವರಿದ್ದಾರೆ. ಖಂಡಿತ ಒಪ್ಪುವುದಿಲ್ಲ. ದುರಂತವಾದ ಮೊದಲ ತಿಂಗಳಾಗಿದ್ದರೆ ಈ ಸಲಹೆ ಕೊಡುತ್ತಿರಲಿಲ್ಲ. ಆಗ ಬೇಕಾದದ್ದು ಸೂರು, ಊಟ, ನಿದ್ದೆ, ನಮ್ಮವರು; ಬಲವಂತವಾಗಿ ನಡೆದದ್ದನ್ನು ಹೇಳಿಸುವುದೂ ತಪ್ಪು. ಹೆಚ್ಚಿನವರು ಹಾಗೆಯೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ದಾಟಿಯೂ ಅದೇ ಕನಸು, ಅದೇ ಬೆಚ್ಚುವಿಕೆ ಇದ್ದರೆ ಕಾಯಬೇಡಿ. ಹಾಗೆಂದು ಮಣ್ಣಿನ ಈ ಅಭ್ಯಾಸವನ್ನು ಮನೆಯಲ್ಲಿ ಒಬ್ಬರೇ ಶುರು ಮಾಡಲೂಬೇಡಿ, ತರಬೇತಾದವರ ಎದುರೇ ಆಗಬೇಕು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎಂಟನೇ ಭೇಟಿ ಮುಗಿದಾಗ ಆಕೆಯ ಬೆರಳ ಸಂದಿಯಲ್ಲಿ ಎರೆಮಣ್ಣು ಒಣಗಿತ್ತು, ಹೇಳಿದ ಅಂಕಿ 30. ಗುಡುಗಿದರೆ ರಾತ್ರಿ ಈಗಲೂ ಎಚ್ಚರವಾಗುತ್ತದೆ. ಗುಡಿಗೆ ಓಡುವುದು ನಿಂತಿದೆ.