ಜರ್ಸಿ ದ್ವೀಪದ ಸಂಸತ್ತಿಗೆ ಕ್ಲರ್ಕ್ ನೇಮಕ: ಅದೇನು ಅಷ್ಟು ದೊಡ್ಡ ವಿಷಯವೇ?

ನಿಮ್ಮ ಪ್ರಶ್ನೆ ಹೀಗಿದೆ: ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಜರ್ಸಿ ದ್ವೀಪದಲ್ಲಿ ಇರುವುದೇ ಒಂದು ಲಕ್ಷ ಚಿಲ್ಲರೆ ಜನ, ಅಲ್ಲಿನ ಸಂಸತ್ತಿನ ಹಿರಿಯ ಕ್ಲರ್ಕ್ ನೇಮಕಕ್ಕೆ ಇಡೀ ಸಭೆಯ ಒಪ್ಪಿಗೆ ಯಾಕೆ ಬೇಕು? ಒಳಗಿನವರಿಗೆ ಬಡ್ತಿ ಕೊಟ್ಟು ಮುಗಿಸಬಾರದೇ?

ಶಾಸನಸಭೆಯ ಸಚಿವಾಲಯವೊಂದರ ಪ್ರಶ್ನೆಗಳ ಶಾಖೆಯಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು ನಾನು. ಸಣ್ಣ ದೇಶಗಳ ಸಭೆಗಳು ಹೇಗೆ ನಡೆಯುತ್ತವೆ ಎಂದು ಹುಡುಕಿ ಓದುವ ಅಭ್ಯಾಸ ಸೇವೆಯಲ್ಲಿದ್ದಾಗಲೇ ಹತ್ತಿತ್ತು, ಈಗಲೂ ಇದೆ. ನೇರವಾಗಿ ಹೇಳುತ್ತೇನೆ, ಒಪ್ಪಿಗೆ ಬೇಕೇ ಬೇಕು. ಸಭೆ ಚಿಕ್ಕದಾದಷ್ಟೂ ಆ ಹುದ್ದೆಯ ತೂಕ ಹೆಚ್ಚು.

ಆ ಹುದ್ದೆಗೆ ಅಲ್ಲಿ ಗ್ರೆಫಿಯರ್ ಎನ್ನುತ್ತಾರೆ. ನಮ್ಮ ವಿಧಾನಸಭೆಯ ಕಾರ್ಯದರ್ಶಿಯ ಸ್ಥಾನಕ್ಕೆ ಸಮ. 2022ರ ಚುನಾವಣೆಯಲ್ಲಿ ಸಭೆಗೆ ಆರಿಸಿ ಬಂದ ಸದಸ್ಯರು 49 ಮಂದಿ: 37 ಡೆಪ್ಯುಟಿಗಳು, ಜೊತೆಗೆ 12 ಪ್ಯಾರಿಷ್‌ಗಳ, ಅಂದರೆ ಸ್ಥಳೀಯ ಆಡಳಿತ ಘಟಕಗಳ, ಮುಖ್ಯಸ್ಥರಾದ ಕಾನೆಟಬ್ಲ್‌ಗಳು. ಮುಖ್ಯವಾದ ಸಂಗತಿ ಏನೆಂದರೆ ಇವರಲ್ಲಿ ಬಹುಪಾಲು ಜನ ಯಾವ ಪಕ್ಷಕ್ಕೂ ಸೇರಿದವರಲ್ಲ. 2014ರಲ್ಲಿ ಹುಟ್ಟಿದ ರಿಫಾರ್ಮ್ ಜರ್ಸಿ ಎಂಬ ಪಕ್ಷವನ್ನು ಬಿಟ್ಟರೆ ಉಳಿದವರು ಹೆಚ್ಚುಕಡಿಮೆ ತಮ್ಮ ತಮ್ಮ ಹೆಸರಿನ ಮೇಲೆ ಗೆದ್ದು ಬಂದವರು.

ಪಕ್ಷ ಇಲ್ಲ ಎಂದರೆ ವಿಪ್ ಇಲ್ಲ, ಶಾಸಕಾಂಗ ಪಕ್ಷದ ಕಚೇರಿ ಇಲ್ಲ, ಭಾಷಣಕ್ಕೆ ಟಿಪ್ಪಣಿ ಬರೆದುಕೊಡುವ ಹುಡುಗರಿಲ್ಲ. ನಮ್ಮಲ್ಲಿ ಮೊದಲ ಸಲ ಗೆದ್ದ ಶಾಸಕರಿಗೆ ತಿದ್ದುಪಡಿ ಸೂಚನೆ ಕೊಡುವುದು ಹೇಗೆಂದು ಗೊತ್ತಿರದಿದ್ದರೆ ಪಕ್ಷದ ಹಿರಿಯರು ಹೇಳಿಕೊಡುತ್ತಾರೆ. ಜರ್ಸಿಯಲ್ಲಿ ಅಂಥವರು ಹೋಗುವುದು ಗ್ರೆಫಿಯರ್ ಕಚೇರಿಗೆ. ಮಂತ್ರಿಗಾದರೆ ಇಲಾಖೆ ಇದೆ, ಕಾನೂನು ಅಧಿಕಾರಿಗಳಿದ್ದಾರೆ. ಒಬ್ಬಂಟಿ ಸದಸ್ಯನಿಗೆ ಆ ಕಚೇರಿಯೇ ದಿಕ್ಕು. ಸರ್ಕಾರದ ಕೆಲಸವನ್ನು ಪರಿಶೀಲಿಸುವ ಸ್ಕ್ರುಟಿನಿ ಸಮಿತಿಗಳಿಗೆ ಸಿಬ್ಬಂದಿ ಕೊಡುವುದೂ ಅದೇ ಕಚೇರಿ.

ಒಂದು ಪ್ರಸ್ತಾವ ಹೇಗೆ ಸಭೆಗೆ ಬರುತ್ತದೆ ನೋಡಿ. ಯಾವ ಸದಸ್ಯರಾದರೂ ಪ್ರಸ್ತಾವ ತರಬಹುದು. ಅದನ್ನು ಗ್ರೆಫಿಯರ್ ಕಚೇರಿಯಲ್ಲಿ ದಾಖಲಿಸಿ, ಚರ್ಚೆಗೆ ಮುಂಚೆ ಗೊತ್ತಾದ ಅವಧಿಯವರೆಗೆ ಎಲ್ಲರಿಗೂ ಸಿಗುವಂತೆ ಇಡಬೇಕು. ಪ್ರತಿಯೊಂದಕ್ಕೂ ‘ಪಿ’ ಅಕ್ಷರದ ಜೊತೆ ಆ ವರ್ಷದ ಕ್ರಮಸಂಖ್ಯೆ ಬೀಳುತ್ತದೆ. ಶುರುವಾಗುವುದು ಒಂದೇ ಧಾಟಿಯಲ್ಲಿ: ಸಭೆಯ ಅಭಿಪ್ರಾಯ ಮುಂದೆ ಹೇಳಿದಂತೆ ಇದೆಯೇ ಎಂಬುದನ್ನು ಸಭೆ ನಿರ್ಧರಿಸಬೇಕು, ಅಂತ. ಅದರ ಕೆಳಗೆ ಬರುವ ಎರಡು ಮೂರು ಸಾಲಿನಲ್ಲೇ ಎಲ್ಲ ಇರುವುದು. ಮಂತ್ರಿಯನ್ನು ‘ಕೋರುವುದು’ ಎಂದು ಬರೆದರೆ ಒಂದು ಫಲ, ದಿನಾಂಕ ಹಾಕಿ ಇಂಥ ಕೆಲಸ ಆಗಬೇಕು ಎಂದು ಬರೆದರೆ ಇನ್ನೊಂದು ಫಲ. ಪ್ರಶ್ನೆಗಳ ಶಾಖೆಯಲ್ಲಿ ಕೂತಿದ್ದವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಪದ ಸಡಿಲವಾಗಿದ್ದರೆ ಸಾಕು, ಇಲಾಖೆಯಿಂದ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದು ವಿಷಯ ಅಲ್ಲಿಗೇ ಮುಗಿಯುತ್ತದೆ. ಸದಸ್ಯನ ಉದ್ದೇಶವನ್ನು ಕೆಡಿಸದೆ, ತನ್ನ ಅಭಿಪ್ರಾಯವನ್ನು ನಡುವೆ ತೂರಿಸದೆ ಆ ಸಾಲುಗಳನ್ನು ಬಿಗಿ ಮಾಡಿಕೊಡುವುದು ದೊಡ್ಡ ವಿದ್ಯೆ. ಮರುದಿನ ಅದೇ ಪ್ರಸ್ತಾವವನ್ನು ವಿರೋಧಿಸುವ ಮಂತ್ರಿ ಬಂದರೆ ಅವರಿಗೂ ಅಷ್ಟೇ ನಿಷ್ಠೆಯಿಂದ ದಾರಿ ತೋರಿಸಬೇಕು.

ಇನ್ನೊಂದು ವಿಶೇಷವಿದೆ. ಸಭೆಯ ಪೀಠದಲ್ಲಿ ಕೂರುವ ಬೇಲಿಫ್ ದ್ವೀಪದ ಮುಖ್ಯ ನ್ಯಾಯಾಧೀಶರೂ ಹೌದು, ಅವರನ್ನು ನೇಮಿಸುವುದು ಬ್ರಿಟನ್ನಿನ ರಾಜ. ಬೇಲಿಫ್, ಡೆಪ್ಯುಟಿ ಬೇಲಿಫ್ ಇಬ್ಬರೂ ಇಲ್ಲದ ದಿನ ಗ್ರೆಫಿಯರ್ ಆ ಪೀಠದಲ್ಲಿ ಕೂತು ಸಭೆ ನಡೆಸಬಹುದು! ನಮ್ಮಲ್ಲಿ ಸಭಾಧ್ಯಕ್ಷರು, ಉಪಸಭಾಧ್ಯಕ್ಷರು ಇಲ್ಲದಾಗ ಸದಸ್ಯರೇ ಪೀಠಕ್ಕೆ ಬರುತ್ತಾರೆ. ಕಾರ್ಯದರ್ಶಿ ಅಲ್ಲಿ ಕೂರುವುದನ್ನು ಊಹಿಸಲೂ ಆಗದು. ಜನರು ಆರಿಸಿದವರಿಗೆ ‘ನಿಮ್ಮ ಸಮಯ ಮುಗಿಯಿತು, ಕೂತುಕೊಳ್ಳಿ’ ಎಂದು ಹೇಳಬೇಕಾದ ಅಧಿಕಾರಿಯನ್ನು ಆ ಜನಪ್ರತಿನಿಧಿಗಳೇ ಒಪ್ಪಿರಬೇಕು ಎನ್ನುವುದು ನ್ಯಾಯವಾದ ಮಾತು.

2005ರ ಸ್ಟೇಟ್ಸ್ ಆಫ್ ಜರ್ಸಿ ಕಾನೂನು ಅದನ್ನೇ ಹೇಳುತ್ತದೆ: ಬೇಲಿಫ್ ನೇಮಿಸಬೇಕು, ಸಭೆ ಸಮ್ಮತಿಸಬೇಕು. ಆ ದ್ವೀಪಕ್ಕೂ ಒಬ್ಬ ಮುಖ್ಯಮಂತ್ರಿ ಇದ್ದಾರೆ, ಆದರೆ ಈ ನೇಮಕ ಅವರ ಕೈಯಲ್ಲಿಲ್ಲ. ನಮ್ಮ ಸಂವಿಧಾನದ 187ನೇ ವಿಧಿ ರಾಜ್ಯ ಶಾಸಕಾಂಗದ ಪ್ರತಿ ಸದನಕ್ಕೂ ಸರ್ಕಾರದಿಂದ ಪ್ರತ್ಯೇಕವಾದ ಸಚಿವಾಲಯ ಇರಬೇಕು ಎನ್ನುವುದರ ಹಿಂದೆಯೂ ಇದೇ ಆಶಯವಿದೆ. ಯಾರನ್ನು ಪ್ರಶ್ನೆ ಕೇಳಬೇಕೋ ಅವರೇ, ಪ್ರಶ್ನೆ ಕೇಳಲು ನೆರವಾಗುವವರ ಬಡ್ತಿ ನಿರ್ಧರಿಸುವಂತೆ ಆಗಬಾರದು.

ಈ ಎಚ್ಚರ ಎಷ್ಟು ಅಗತ್ಯ ಎನ್ನುವುದು 2024ರ ಜನವರಿಯಲ್ಲಿ ಕಾಣಿಸಿತು. ಮುಖ್ಯಮಂತ್ರಿ ಕ್ರಿಸ್ಟೀನಾ ಮೂರ್ ಅವಿಶ್ವಾಸ ಗೊತ್ತುವಳಿಯಲ್ಲಿ ಸೋತು, ಸಭೆ ಅದೇ ತಿಂಗಳು ಲಿಂಡನ್ ಫಾರ್ನಮ್ ಅವರನ್ನು ಆರಿಸಿತು. ಪಕ್ಷಗಳ ಬಲಾಬಲವೇ ಇಲ್ಲದ ಕಡೆ ಸರ್ಕಾರ ಬೀಳುವುದೆಂದರೆ ಪ್ರತಿ ಮತವೂ ಬೇರೆ ಬೇರೆ ಲೆಕ್ಕ. ಅಂಥ ವಾರದಲ್ಲಿ ಎರಡೂ ಕಡೆಯವರು ಕಾರ್ಯವಿಧಾನದ ಸಂಶಯ ಹೊತ್ತು ಬರುವುದು ಒಂದೇ ಬಾಗಿಲಿಗೆ. ಸಿಗುವ ಉತ್ತರ ಇಬ್ಬರಿಗೂ ಒಂದೇ ಎಂಬ ನಂಬಿಕೆ ಅಲ್ಲಾಡಿದರೆ ಬಂದ ಫಲಿತಾಂಶವನ್ನು ಯಾರೂ ಒಪ್ಪುವುದಿಲ್ಲ.

ಇನ್ನು ಒಳಗಿನವರೋ ಹೊರಗಿನವರೋ ಎಂಬ ಪ್ರಶ್ನೆ. ಜರ್ಸಿ ಎರಡನ್ನೂ ಮಾಡಿ ನೋಡಿದೆ. 2015ರಲ್ಲಿ ಬಂದ ಮಾರ್ಕ್ ಈಗನ್ ಲಂಡನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಕ್ಲರ್ಕ್ ಆಗಿದ್ದವರು. ಅವರ ನಂತರ ಆ ಸ್ಥಾನಕ್ಕೆ ಬಂದ ಲಿಸಾ-ಮೇರಿ ಹಾರ್ಟ್ ಅದೇ ಕಚೇರಿಯಲ್ಲಿ ಡೆಪ್ಯುಟಿ ಗ್ರೆಫಿಯರ್ ಆಗಿದ್ದವರು. ಸುಮಾರು 120 ಚದರ ಕಿಲೋಮೀಟರಿನ ಊರಲ್ಲಿ ಹೊರಗಿನವರಿಗೆ ಒಂದು ಅನುಕೂಲ ಖಂಡಿತ ಉಂಟು. ಅವರಿಗೆ ಅಲ್ಲಿ ಬಾವ ಬಾಮೈದ ಇರುವುದಿಲ್ಲ, ಶಾಲೆಯ ಗೆಳೆಯ ಮಂತ್ರಿಯಾಗಿರುವುದಿಲ್ಲ. ದೊಡ್ಡ ಸಂಸತ್ತಿನಲ್ಲಿ ಕಲಿತ ಶಿಸ್ತು ಜೊತೆಗೇ ಬರುತ್ತದೆ.

ಆದರೂ ನನ್ನ ಒಲವು ಒಳಗಿನವರ ಕಡೆಗೇ. ಅಲ್ಲಿನ ಸಭೆಯಲ್ಲಿ ಇಂದಿಗೂ ಮತವನ್ನು ಫ್ರೆಂಚಿನಲ್ಲೇ ‘ಪೂರ್’ (ಪರ), ‘ಕೋಂತ್ರ್’ (ವಿರುದ್ಧ) ಎಂದು ದಾಖಲಿಸುತ್ತಾರೆ. ಕಾನೂನಿನ ಬೇರು ನಾರ್ಮಂಡಿಯ ಪದ್ಧತಿಯಲ್ಲಿದೆ, ದ್ವೀಪದ ಮಸೂದೆ ಲಂಡನ್ನಿನಲ್ಲಿ ರಾಜನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್ ಅನುಮೋದನೆ ಪಡೆದು ಬಂದು ಅಲ್ಲಿನ ರಾಯಲ್ ಕೋರ್ಟಿನಲ್ಲಿ ನೋಂದಣಿಯಾಗಬೇಕು. ಇವನ್ನು ಕಡತ ಓದಿ ತಿಳಿಯಬಹುದು. ಯಾವ ಸದಸ್ಯರಿಗೆ ಎಷ್ಟು ವಿವರಿಸಬೇಕು, ಯಾರು ಸಂಕೋಚಪಟ್ಟು ಕೇಳದೆ ಹೋಗುತ್ತಾರೆ ಎಂಬುದು ವರ್ಷಗಟ್ಟಲೆ ಜೊತೆಗಿದ್ದರೆ ಮಾತ್ರ ತಿಳಿಯುತ್ತದೆ. ಹಾಗೆಂದು ಸೇವಾ ಹಿರಿತನ ನೋಡಿ ಕೊಡುವ ಬಡ್ತಿ ಇದಾಗಬಾರದು. ಹುದ್ದೆಯನ್ನು ಬಹಿರಂಗವಾಗಿ ಪ್ರಕಟಿಸಿ, ಹೊರಗಿನವರ ಜೊತೆ ಸ್ಪರ್ಧಿಸಿ ಒಳಗಿನವರು ಗೆಲ್ಲಲಿ. ಆಗ ‘ನಮ್ಮವರು ಅಂತ ಕೊಟ್ಟರು’ ಎಂಬ ಮಾತಿಗೆ ಜಾಗವಿರುವುದಿಲ್ಲ.

ಬೇಲಿಫ್ ಸಭೆಯ ಪೀಠ ಬಿಡಬೇಕು, ಸದಸ್ಯರೇ ಸ್ಪೀಕರ್ ಒಬ್ಬರನ್ನು ಆರಿಸಬೇಕು ಎಂಬ ಚರ್ಚೆ ಅಲ್ಲಿ ಹಳೆಯದು. 2000ದ ಕ್ಲೋಥಿಯರ್ ವರದಿ, 2010ರ ಕಾರ್ಸ್‌ವೆಲ್ ವರದಿ ಎರಡೂ ಬೇಲಿಫ್ ಪೀಠ ಬಿಡಬೇಕು ಎಂದವು. ಮುಂದೊಂದು ದಿನ ಹಾಗಾದರೆ ಗ್ರೆಫಿಯರ್ ಹೆಸರು ಸೂಚಿಸುವವರು ಬದಲಾಗಬಹುದು. ಸಭೆಯ ಸಮ್ಮತಿ ಎಂಬ ಷರತ್ತನ್ನು ಮಾತ್ರ ಆಗಲೂ ಬಿಟ್ಟುಕೊಡಬಾರದು. ಸ್ಪೀಕರ್ ಒಬ್ಬರೇ ಆರಿಸುವ ಕಾರ್ಯದರ್ಶಿ, ಎಷ್ಟೇ ಒಳ್ಳೆಯವರಾದರೂ, ಸೋತ ಬಣದ ಕಣ್ಣಿಗೆ ಸ್ಪೀಕರ್ ಕಡೆಯವರಾಗಿಯೇ ಕಾಣುತ್ತಾರೆ.