ಸಭೆಯ ವರದಿ ಬರೆದರೂ ಅಲ್ಲಿನ ಮಾತುಕತೆಯ ಜೀವ ಉಳಿಯುವುದಿಲ್ಲ. ಏನು ಮಾಡಬೇಕು?

ಗ್ರಾಮಸಭೆಯನ್ನೇ ನೋಡಿ. ಕರ್ನಾಟಕದಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಅದು ನಡೆಯುತ್ತದೆ, ನಡಾವಳಿ ಪುಸ್ತಕವೂ ಇರುತ್ತದೆ. ಅದರಲ್ಲಿ "ಕುಡಿಯುವ ನೀರಿನ ಬಗ್ಗೆ ಚರ್ಚಿಸಿ ತೀರ್ಮಾನಿಸಲಾಯಿತು" ಅಂತ ಒಂದೇ ಸಾಲು. ನಾನು ಕೂತಿದ್ದ ಸಭೆಯೊಂದರಲ್ಲಿ ಹಿಂದಿನ ಸಾಲಿನ ಅಜ್ಜಿಯೊಬ್ಬರು ಎದ್ದು, "ನೀರು ಬರ್ತದೆ ಸ್ವಾಮಿ, ನಾವು ಕೂಲಿಗೆ ಹೋದ್ಮೇಲೆ ಬರ್ತದೆ" ಅಂದರು. ಎಲ್ಲ ಹೆಂಗಸರೂ ಒಟ್ಟಿಗೆ ತಲೆಯಾಡಿಸಿದರು. ಸಮಸ್ಯೆ ನೀರಿನದಲ್ಲ, ಹೊತ್ತಿನದು. ಪುಸ್ತಕದಲ್ಲಿ ಅದು ಇರಲೇ ಇಲ್ಲ.

ಹಾಗಾಗಿ ಮೊದಲ ಕೆಲಸ, ಆಡಿದ ಮಾತನ್ನು ಆಡಿದ ಹಾಗೇ ಬರೆದುಕೊಳ್ಳಿ. ಊರಿನ ನುಡಿಯಲ್ಲೇ ಇರಲಿ, ತಿದ್ದಬೇಡಿ. ಪ್ರತಿ ವಿಷಯಕ್ಕೂ ಇಂಥ ಒಂದೆರಡು ಮಾತು ಸಾಕು. ಯಾರು ಸುಮ್ನೆ ಕೂತಿದ್ದರು, ಯಾವ ಮಾತಿಗೆ ಗದ್ದಲವಾಯಿತು, ಯಾರು ಒಪ್ಪಲಿಲ್ಲ ಅನ್ನುವುದನ್ನೂ ಗುರುತು ಹಾಕಿಕೊಳ್ಳಿ. ಒಪ್ಪದವರ ಮಾತು ವರದಿಯಲ್ಲಿ ಜಾಸ್ತಿ ಕಳೆದುಹೋಗುತ್ತದೆ, ಅಲ್ವಾ?

ಧ್ವನಿ ಮುದ್ರಿಸಬಹುದು. ಆದರೆ ಎಲ್ಲರನ್ನೂ ಕೇಳಿಯೇ ಮಾಡಿ. ಫೋನ್ ಕಂಡ ಕೂಡಲೇ ಮಾತು ನಿಲ್ಲಿಸುವವರೂ ಇರುತ್ತಾರೆ.

ಓದಲು ಬಾರದವರು ಇದ್ದರೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಲು ಹೇಳಿ. ಸಹಭಾಗಿತ್ವದ ಗ್ರಾಮ ಸಮೀಕ್ಷೆಗಳಲ್ಲಿ ಬಳಸುವ ವಿಧಾನ ಇದು. ಒಬ್ಬರು ಬಾವಿ ಬರೆದರೆ ಇನ್ನೊಬ್ಬರು "ಅಲ್ಲಲ್ಲ, ಇಲ್ಲಿ" ಅಂತ ಅಳಿಸುತ್ತಾರೆ. ಆ ಜಗಳದಲ್ಲೇ ಊರಿನ ಕಥೆ ಇರುತ್ತದೆ. ಮುಗಿದ ಮೇಲೆ ಫೋಟೋ ತೆಗೆದು ನಡಾವಳಿಗೆ ಅಂಟಿಸಿ.

ಕೊನೆಗೆ, ಬರೆದದ್ದನ್ನು ಎಲ್ಲರೂ ಎದ್ದು ಹೋಗುವ ಮೊದಲು ಗಟ್ಟಿಯಾಗಿ ಓದಿ. "ನಾನು ಹಾಗೆ ಅಂದಿಲ್ಲ" ಅಂತ ಯಾರಾದರೂ ಹೇಳಿದರೆ ಅಲ್ಲೇ ತಿದ್ದಿ.