ಓದುಗರ ಪ್ರಶ್ನೆ: ಬಿಯರ್ ಕುದ್ದ ಜಾಗ ಯಾವುದು?

ಪ್ರಶ್ನೆ: ಕೊಡಗು ಮತ್ತು ಸುತ್ತಮುತ್ತ ಹಿಂದೆ ಇದ್ದ, ಈಗ ಇರುವ ಬ್ರೂವರಿಗಳ ಪಟ್ಟಿ ಮಾಡೋಣ ಅಂತ ನಾವು ಕೆಲವು ಗೆಳೆಯರು ಹೊರಟೆವು. ಇಂಟರ್‌ನೆಟ್‌ನಲ್ಲಿ ಸಿಕ್ಕಿದ್ದು, ಹಿರಿಯರು ಹೇಳಿದ್ದು, ಬಾಟಲಿ ಮೇಲೆ ಕಂಡಿದ್ದು ಎಲ್ಲವನ್ನೂ ಎಕ್ಸೆಲ್ ಹಾಳೆಗೆ ತುಂಬಿದೆವು. ಈಗ ಯಾವುದು ನಿಜ, ಯಾವುದು ಬರೀ ಮಾತು ಅಂತ ನಮಗೇ ಗೊತ್ತಾಗುತ್ತಿಲ್ಲ. ಎಲ್ಲಿಂದ ಸರಿ ಮಾಡೋದು? (ಓದುಗರು, ಗೋಣಿಕೊಪ್ಪ)

ಉತ್ತರ: ಹಾಳೆಯನ್ನು ಅಳಿಸಬೇಡಿ, ಇರಲಿ. ಆದರೆ ಒಂದು ಸಾಲಿನಲ್ಲಿ ಏನಿರಬೇಕು ಅನ್ನೋದನ್ನ ಮೊದಲು ತೀರ್ಮಾನ ಮಾಡಿ. ಒಂದು ಸಾಲು ಅಂದರೆ ಒಂದು ಜಾಗ, ಅಂದರೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ನೆನೆಸಿ, ಕುದಿಸಿ, ಯೀಸ್ಟ್ ಹಾಕಿ ಹುದುಗು ಬರಿಸಿದ ಜಾಗ. ಕಂಪನಿ ಬೇರೆ, ಬ್ರ್ಯಾಂಡ್ ಬೇರೆ. ಈ ಮೂರನ್ನೂ ಒಂದೇ ಕಾಲಂನಲ್ಲಿ ತುರುಕಿದರೆ ತಲೆ ಕೆಡದೆ ಇನ್ನೇನಾಗುತ್ತೆ ಹೇಳಿ.

ನಮ್ಮ ಯುನೈಟೆಡ್ ಬ್ರೂವರೀಸ್‌ನ್ನೇ ತಗೊಳ್ಳಿ. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ ಕಟ್ಟಿದ ಕಂಪನಿ ಅದು. ಆ ಐದರಲ್ಲಿ ಒಂದಾದ ಕ್ಯಾಸಲ್ ಬ್ರೂವರಿಯ ಚರಿತ್ರೆ 1857ಕ್ಕೆ ಹೋಗುತ್ತದೆ. ಕಂಪನಿ 1857ರದ್ದು ಅಂದರೂ ತಪ್ಪು, ಕ್ಯಾಸಲ್ 1915ರದ್ದು ಅಂದರೂ ತಪ್ಪು. 2021ರಲ್ಲಿ ಈ ಕಂಪನಿಯ ಹಿಡಿತ ನೆದರ್‌ಲೆಂಡ್ಸ್‌ನ ಬಿಯರ್ ಕಂಪನಿ ಹೈನೆಕೆನ್‌ಗೆ ಹೋಯಿತು. ಹಾಗಂತ ಅವರ ನಂಜನಗೂಡಿನ ಘಟಕ ಅವತ್ತು ಮುಚ್ಚಿ ಹೊಸದಾಗಿ ಹುಟ್ಟಲಿಲ್ಲ, ಅಲ್ವಾ? ಮಾಲೀಕರು ಬದಲಾದರೆ ಅದೇ ಸಾಲಿನ ಮುಂದೆ ಒಂದು ಷರಾ ಸಾಕು, ಹೊಸ ಸಾಲು ಬೇಡ.

ಜಾಗ ಅದೇ ಇದ್ದು ಕೆಲಸ ಬದಲಾಗೋದೂ ಉಂಟು. ಹಿಮಾಚಲದ ಕಸೌಲಿಯಲ್ಲಿ ಎಡ್ವರ್ಡ್ ಡಯರ್ ಶುರು ಮಾಡಿದ್ದು ಬ್ರೂವರಿ. (ಜಲಿಯನ್‌ವಾಲಾ ಬಾಗ್‌ನ ಆ ಜನರಲ್ ಡಯರ್‌ನ ಅಪ್ಪ ಇವನು.) ಆಮೇಲೆ ಬಿಯರ್ ಕೆಲಸ ಸೋಲನ್‌ಗೆ ಹೋಯಿತು, ಕಸೌಲಿಯಲ್ಲಿ ವಿಸ್ಕಿ ಭಟ್ಟಿ ಉಳಿಯಿತು. ಶುರುವಾದ ವರ್ಷ ಕೆಲವು ಕಡೆ 1820ರ ದಶಕ ಅಂತಿದೆ, ಕೆಲವು ಕಡೆ 1855 ಅಂತಿದೆ. ಇಂಥ ಕಡೆ ಎರಡನ್ನೂ ಬರೆದು ಯಾವುದು ಎಲ್ಲಿಂದ ಬಂತು ಅಂತ ಪಕ್ಕದಲ್ಲಿ ಹಾಕಿ. ಸರಾಸರಿ ತೆಗೆಯೋಕೆ ಹೋಗಬೇಡಿ. ಕಟ್ಟಡ ಕಟ್ಟಿದ ವರ್ಷ, ಲೈಸೆನ್ಸ್ ಸಿಕ್ಕ ವರ್ಷ, ಮೊದಲ ಬಿಯರ್ ಹೊರಬಂದ ವರ್ಷ ಇವು ಮೂರು ಬೇರೆ ಬೇರೆ ಇರಬಹುದು. ನಿಮ್ಮ ಹಾಳೆಯಲ್ಲಿ ಮೂರಕ್ಕೂ ಮೂರು ಕಾಲಂ ಇರಲಿ, ಗೊತ್ತಿಲ್ಲದ್ದು ಖಾಲಿ ಇರಲಿ. ಖಾಲಿ ಬಿಡೋದಕ್ಕೆ ನಾಚಿಕೆ ಬೇಡ.

ಇನ್ನು ಊರಿನ ವಿಷಯ. ಕೊಡಗಿನಲ್ಲಿ ಇದೇ ದೊಡ್ಡ ತಲೆನೋವು. ಹಳೇ ಕಡತದಲ್ಲಿ ಮಡಿಕೇರಿ ಸಿಗೋದಿಲ್ಲ, ಮರ್ಕಾರ ಸಿಗುತ್ತೆ. ಕುಶಾಲನಗರ ಬೇಕು ಅಂದರೆ ಫ್ರೇಜರ್‌ಪೇಟೆ ಅಂತ ಹುಡುಕಬೇಕು, ವಿರಾಜಪೇಟೆ ಕೆಲವು ಕಡೆ ವೀರರಾಜೇಂದ್ರಪೇಟೆ. ಮೊನ್ನೆ ಮೊನ್ನೆವರೆಗೂ ಕುಶಾಲನಗರ ಸೋಮವಾರಪೇಟೆ ತಾಲ್ಲೂಕಿನಲ್ಲಿತ್ತು, ಗೋಣಿಕೊಪ್ಪ, ಪೊನ್ನಂಪೇಟೆ ಎಲ್ಲ ವಿರಾಜಪೇಟೆ ತಾಲ್ಲೂಕು. ಈಗ ಕುಶಾಲನಗರವೂ ಪೊನ್ನಂಪೇಟೆಯೂ ತಾವೇ ತಾಲ್ಲೂಕು. ಹಾಗಾಗಿ ಒಂದೇ ಜಾಗ ನಿಮ್ಮ ಹಾಳೆಯಲ್ಲಿ ಎರಡು ಸಲ ಕೂತಿರೋ ಸಾಧ್ಯತೆ ಜಾಸ್ತಿ.

ಇನ್ನೊಂದು: ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಜನ ಮಾತಾಡುವಾಗ ಎಲ್ಲವನ್ನೂ ‘ಕುಶಾಲನಗರದ ಹತ್ತಿರ’ ಅಂತಲೇ ಹೇಳೋದು. ಸರ್ಕಾರಕ್ಕೆ ಮಾತ್ರ ಸೇತುವೆಯ ಆ ಕಡೆ ಇದ್ದರೆ ಅಬಕಾರಿ ಕಚೇರಿಯೂ ಬೇರೆ, ಕಡತವೂ ಬೇರೆ. ಪ್ರತಿ ಸಾಲಿಗೂ ಆಗಿನ ಊರ ಹೆಸರು, ಈಗಿನ ಹೆಸರು, ಈಗಿನ ತಾಲ್ಲೂಕು ಹಾಕಿಬಿಡಿ.

ಹೆಸರಲ್ಲಿ ‘ಕೂರ್ಗ್’ ಇದೆ ಅಂತ ಸುಮ್ನೆ ಸೇರಿಸಬೇಡಿ. ಆ ಹೆಸರು ಇಟ್ಟರೆ ಸರಕು ಚೆನ್ನಾಗಿ ಖರ್ಚಾಗುತ್ತೆ ಅಂತ ಎಲ್ಲೆಲ್ಲಿಯವರೋ ಇಡುತ್ತಾರೆ. ಹಾಗೇ, ‘ಬ್ರೂ’ ಅಂತ ಕಂಡ ಬೋರ್ಡ್‌ಗಳಲ್ಲಿ ಹೆಚ್ಚಿನವು ನಮ್ಮ ಕಡೆ ಕಾಫಿಯವು, ಇದನ್ನ ಕೊಡಗಿನವರಿಗೆ ನಾನು ಹೇಳಬೇಕಾ!

ಪ್ರಶ್ನೆ: ಬ್ರಿಟಿಷರ ಕಾಲದ್ದಕ್ಕೆ ದಾಖಲೆ ಎಲ್ಲಿ ಸಿಗುತ್ತೆ? ನಮ್ಮ ತಾತ ‘ಪೇಟೆ ಪಕ್ಕ ಒಂದು ಬಿಯರ್ ಫ್ಯಾಕ್ಟರಿ ಇತ್ತು’ ಅಂತ ಹೇಳುತ್ತಿದ್ದರು. (ಓದುಗರು, ಸೋಮವಾರಪೇಟೆ)

ಉತ್ತರ: ತಾತ ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡಿ, ಯಾರು ಹೇಳಿದ್ದು, ಅವರು ಕಣ್ಣಾರೆ ಕಂಡಿದ್ದಾ ಕೇಳಿದ್ದಾ ಅನ್ನೋದೂ ಇರಲಿ. ಆದರೆ ಒಂದು ಅನುಮಾನ ಇಟ್ಟುಕೊಳ್ಳಿ. ಸಾರಾಯಿ ಇದ್ದ ಕಾಲದಲ್ಲಿ ಗುತ್ತಿಗೆದಾರರ ಗೋಡೌನ್‌ಗಳು, ಬಾಟಲಿ ತುಂಬುವ ಶೆಡ್‌ಗಳು ಇರುತ್ತಿದ್ದವು. ರಾಜ್ಯದಲ್ಲಿ ಸಾರಾಯಿ ನಿಂತಿದ್ದು 2007ರ ಜುಲೈ 1ಕ್ಕೆ. ಅಷ್ಟು ವರ್ಷ ಪೀಪಾಯಿ ಬರೋದು, ಲಾರಿ ಹೋಗೋದು ನೋಡಿದವರ ಬಾಯಲ್ಲಿ ಅದೆಲ್ಲ ‘ಫ್ಯಾಕ್ಟರಿ’ ಆಗಿಬಿಡುತ್ತೆ. ತಾತನಿಗೆ ಮತ್ತೊಂದು ಸಲ ಕೇಳಲು ಆಗದಿದ್ದರೆ ಅವರ ಓರಗೆಯವರನ್ನು ಕೇಳಿ: ಒಳಗಡೆ ಏನು ಬೇಯಿಸುತ್ತಿದ್ದರು, ವಾಸನೆ ಹೇಗಿತ್ತು, ಧಾನ್ಯದ ಮೂಟೆ ಬರುತ್ತಿತ್ತಾ, ಚರಟ ದನಕ್ಕೆ ಹಾಕುತ್ತಿದ್ದರಾ? ಬ್ರೂವರಿ ಅಂದ ಮೇಲೆ ಬಾರ್ಲಿ ಚರಟ ರಾಶಿ ರಾಶಿ ಬರಲೇಬೇಕು. ಗೋಡೌನ್‌ನಲ್ಲಿ ಅದಿರೋದಿಲ್ಲ.

ಕಾಗದ ಹುಡುಕುವಾಗ ಆಡಳಿತದ ದಾರಿ ತಿಳಿದಿರಲಿ. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿ ಸರ್ಕಾರದ ಕೈಗೆ ಹೋಯಿತು. 1881ರಿಂದ ಬಹಳ ವರ್ಷ ಮೈಸೂರಿನ ರೆಸಿಡೆಂಟರೇ (ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿ) ಕೊಡಗಿನ ಚೀಫ್ ಕಮಿಷನರ್, ಅವರು ಕೂರುತ್ತಿದ್ದದ್ದು ಬೆಂಗಳೂರಿನಲ್ಲಿ. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಮಡಿಕೇರಿಯಲ್ಲಿ ಮಾತ್ರ ಹುಡುಕಿ ‘ಏನೂ ಇಲ್ಲ’ ಅಂತ ಕೈ ತೊಳೆಯಬೇಡಿ. ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೂ ಹೋಗಬೇಕು. ಕೊಡಗಿನ ವಾರ್ಷಿಕ ಆಡಳಿತ ವರದಿಗಳಲ್ಲಿ ಅಬಕಾರಿ ಭಾಗ ಓದಿ. ರಿಕ್ಟರ್ ಅವರ 1870ರ ಕೊಡಗಿನ ಕೈಪಿಡಿ, ಲೂಯಿ ರೈಸ್ ಅವರ ಗೆಜೆಟಿಯರ್, ಇವೆರಡನ್ನೂ ಒಮ್ಮೆ ನೋಡಲೇಬೇಕು. ಬಿಯರ್ ಕುಡಿದ ಲೆಕ್ಕ ಸಿಕ್ಕ ಮಾತ್ರಕ್ಕೆ ಹಿಗ್ಗಬೇಡಿ. ಪಲ್ಟನ್ ಇತ್ತು, ಕಾಫಿ ತೋಟದ ದೊರೆಗಳಿದ್ದರು, ಬಿಯರ್ ಹೊರಗಿನಿಂದಲೂ ಬರುತ್ತಿತ್ತು. ಕುಡಿದದ್ದು ಇಲ್ಲಿ ಅಂದ ಮಾತ್ರಕ್ಕೆ ಕುದಿಸಿದ್ದೂ ಇಲ್ಲೇ ಅಂತಾಗಲ್ಲ.

ವರ್ಷ ಬರೆಯುವಾಗ ಎಚ್ಚರ. ನಮ್ಮ ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. 1975-76ರ ಲೈಸೆನ್ಸ್ ಅಂತ ಇದ್ದರೆ 1975ರ ಜನವರಿಯಲ್ಲೇ ಬಿಯರ್ ಬಂತು ಅಂತ ಬರೆಯಬೇಡಿ. ಬ್ರಿಟಿಷರ ವರದಿಗಳಲ್ಲಿ ವರ್ಷ ಯಾವ ತಿಂಗಳಿಗೆ ಮುಗಿಯುತ್ತೆ ಅನ್ನೋದನ್ನ ರಟ್ಟಿನ ಮೇಲೇ ನೋಡಿಕೊಳ್ಳಿ.

ಪ್ರಶ್ನೆ: ತೋಟದ ಹಳೇ ಬಂಗಲೆ ಹಿಂದೆ ಅಗೆಯುವಾಗ ಹೆಸರು ಉಬ್ಬಿದ ಗಾಜಿನ ಬಾಟಲಿಗಳು ಸಿಕ್ಕಿವೆ. ಇದು ಸಾಕ್ಷಿ ಆಗುತ್ತಾ? (ಓದುಗರು, ಪಾಲಿಬೆಟ್ಟ)

ಉತ್ತರ: ಆಗುತ್ತೆ, ಆದರೆ ದುರ್ಬಲ ಸಾಕ್ಷಿ. ಗಾಜಿನಲ್ಲಿ ಉಬ್ಬಿದ ಹೆಸರು ಬಾಟಲಿ ಯಾರದ್ದು ಅಂತ ಹೇಳುತ್ತೆ, ಒಳಗೆ ಯಾರ ಬಿಯರ್ ಇತ್ತು ಅಂತ ಹೇಳಲ್ಲ. ನಮ್ಮ ದೇಶದಲ್ಲಿ ಬಿಯರ್ ಬಾಟಲಿ ಗುಜರಿಗೆ ಹೋಗಿ, ತೊಳೆದು, ಮತ್ತೆ ತುಂಬುವುದು ಇಂದಿಗೂ ನಡೆಯುತ್ತೆ, ಒಬ್ಬರ ಬಾಟಲಿಯಲ್ಲಿ ಇನ್ನೊಬ್ಬರ ಬಿಯರ್ ಬರೋದು ಹೊಸದೇನಲ್ಲ. ಬುಡದ ಸಣ್ಣ ಗುರುತು ಗಾಜಿನ ಕಾರ್ಖಾನೆಯದ್ದಿರಬಹುದು. ಕತ್ತಿನಲ್ಲಿ ಗೋಲಿ ಸಿಕ್ಕಿಸುವ ತಗ್ಗು ಇದ್ದರೆ ಅದು ಗೋಲಿ ಸೋಡಾ, ಬಿಯರ್ ಲೆಕ್ಕಕ್ಕೆ ಬರಲ್ಲ.

ಲೇಬಲ್ ಉಳಿದಿದ್ದರೆ ಅದೇ ಬಂಗಾರ. ಆದರೆ ‘ಕರ್ನಾಟಕದಲ್ಲಿ ಮಾತ್ರ ಮಾರಾಟಕ್ಕೆ’ ಅನ್ನೋ ಸಾಲು ಮಾರುವ ಜಾಗ ಹೇಳುತ್ತೆ, ಮಾಡಿದ ಜಾಗ ಹೇಳಲ್ಲ. ನೀವು ಓದಬೇಕಾದ್ದು ಸಣ್ಣ ಅಕ್ಷರದಲ್ಲಿರುವ ತಯಾರಕರ ವಿಳಾಸ. ಈಗಿನ ಲೇಬಲ್ ಆದರೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ನಂಬರೂ ಇರುತ್ತೆ, ಅದನ್ನು ಬರೆದುಕೊಳ್ಳಿ. ಫೋಟೊ ತೆಗೆಯುವಾಗ ಮುಂಭಾಗ, ಹಿಂಭಾಗ, ಬುಡ ಮೂರೂ ಬೇಕು, ಸಿಕ್ಕ ಜಾಗವೂ ಬೇಕು. ತೊಳೆದು ಷೋಕೇಸಿಗೆ ಇಡೋದು ಆಮೇಲೆ.

ಪ್ರಶ್ನೆ: ಹೋಂಮೇಡ್ ವೈನ್ ಮಾಡುವವರನ್ನೂ ಸೇರಿಸಬಹುದಾ? (ಓದುಗರು, ಮಡಿಕೇರಿ)

ಉತ್ತರ: ಬೇಡ. ಅದು ವೈನ್, ಬಿಯರ್ ಅಲ್ಲ. ಬೈನೆ ಮರದ ಕಳ್ಳೂ ಬೇರೆಯೇ ಕಥೆ, ಬೇಕಾದರೆ ಇನ್ನೊಂದು ಪಟ್ಟಿ ಮಾಡಿ. ಮಾರಾಟಕ್ಕೆ ಮಾಡೋದಾದರೆ ಅಬಕಾರಿ ಲೈಸೆನ್ಸ್ ಬೇಕು, ಮನೆ ಮನೆಯ ವಿಳಾಸ ಹಾಕಿ ಪ್ರಕಟಿಸಿ ಯಾರನ್ನೋ ತೊಂದರೆಗೆ ಸಿಕ್ಕಿಸಬೇಡಿ.

ಪ್ರಶ್ನೆ: ‘ಈಗ ನಡೆಯುತ್ತಿದೆ’, ‘ಮುಚ್ಚಿದೆ’ ಅಂತ ಧೈರ್ಯವಾಗಿ ಬರೆಯೋದು ಹೇಗೆ? (ಗೋಣಿಕೊಪ್ಪದ ಅದೇ ಓದುಗರು)

ಉತ್ತರ: ತಾರೀಕು ಹಾಕಿ ಬರೆಯಿರಿ. ‘ಇಂಥ ತಿಂಗಳಲ್ಲಿ ನಡೆಯುತ್ತಿತ್ತು, ಇಂಥ ಕಾಗದದ ಪ್ರಕಾರ’ ಅಂದರೆ ಯಾರೂ ಜಗಳ ತೆಗೆಯಲ್ಲ. ಬರೀ ‘ಈಗ’ ಅಂದರೆ ಆರು ತಿಂಗಳಲ್ಲಿ ಹಳಸುತ್ತೆ.

ಕಂಪನಿ ನೋಂದಣಿ ಪಟ್ಟಿಯಿಂದ ಹೆಸರು ತೆಗೆದುಹಾಕಿದ್ದಾರೆ ಅಂದರೆ ಕಂಪನಿ ಹೋಯಿತು ಅಂತ ಅರ್ಥ, ಜಾಗದಲ್ಲಿ ಇನ್ನೊಬ್ಬರು ಬಿಯರ್ ಮಾಡುತ್ತಿರಬಹುದು. ಮಾಲಿನ್ಯ ನಿಯಂತ್ರಣ ಮಂಡಳಿಯ ಕಾಗದ ನೋಡುವಾಗಲೂ ಹಾಗೇ: ಅವರು ಸ್ಥಾಪನೆಗೆ ಒಂದು ಒಪ್ಪಿಗೆ ಕೊಡುತ್ತಾರೆ, ನಡೆಸೋಕೆ ಇನ್ನೊಂದು. ಮೊದಲನೆಯದು ಮಾತ್ರ ಸಿಕ್ಕರೆ ಘಟಕ ಕಾಗದದ ಮೇಲಷ್ಟೇ ಇದ್ದಿರಬಹುದು. ಇಂಥವಕ್ಕೆ ‘ಯೋಜನೆ ಮಾತ್ರ’ ಅಂತ ಬೇರೆ ಗುರುತು ಇಡಿ, ಬಿಸಾಡಬೇಡಿ. ಪೇಪರಿನಲ್ಲಿ ‘ಬರಲಿದೆ’ ಅಂತ ಸುದ್ದಿ ಬಂದದ್ದೂ ಇದೇ ಗುಂಪಿಗೆ. ಮೈಕ್ರೋ ಬ್ರೂವರಿ (ಅಲ್ಲೇ ಬಿಯರ್ ಮಾಡಿ ಅಲ್ಲೇ ಬಡಿಸುವ ಸಣ್ಣ ಬ್ರೂವರಿ) ಅಂತ ಬೋರ್ಡ್ ಇರುವ ಕಡೆ ಒಳಗೆ ಹೋಗಿ ನೋಡಿ, ಕುದಿಸುವ ಪಾತ್ರೆ, ಹುದುಗು ಬರಿಸುವ ಟ್ಯಾಂಕ್ ಅಲ್ಲೇ ಇದೆಯಾ, ಇಲ್ಲಾ ಬೇರೆ ಕಡೆಯಿಂದ ಕೆಗ್‌ನಲ್ಲಿ (ಲೋಹದ ಪೀಪಾಯಿ) ತಂದು ಬಗ್ಗಿಸುತ್ತಿದ್ದಾರಾ? ಎರಡನೆಯದಾದರೆ ಅದು ಪಬ್, ಪಟ್ಟಿಗೆ ಬೇಡ.

ಕೊನೆಗೆ ಲೈಸೆನ್ಸ್ ಖಾತ್ರಿ ಮಾಡಿಕೊಳ್ಳೋಕೆ ಮಡಿಕೇರಿಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ‘ಬ್ರೂವರಿಗಳ ಇತಿಹಾಸ ಕೊಡಿ’ ಅಂದರೆ ಇಲ್ಲ ಅಂತ ಒಂದು ಗೆರೆ ಬರೆದು ಕಳಿಸುತ್ತಾರೆ. ಇಂಥ ಅಬಕಾರಿ ವರ್ಷದಿಂದ ಇಂಥ ವರ್ಷದವರೆಗೆ ಜಿಲ್ಲೆಯಲ್ಲಿ ಕೊಟ್ಟ, ನವೀಕರಿಸಿದ, ರದ್ದು ಮಾಡಿದ ಬ್ರೂವರಿ ಲೈಸೆನ್ಸ್‌ಗಳ ಪಟ್ಟಿಯ ನಕಲು ಅಂತ ಕೇಳಿ. ಹಳೇ ಕಡತ ನಾಶ ಮಾಡಿದ್ದೇವೆ ಅಂದರೆ ನಾಶ ಮಾಡಿದ ಆದೇಶದ ನಕಲು ಕೇಳಿ. ‘ಒಂದೂ ಇಲ್ಲ’ ಅಂತ ಸಹಿ ಹಾಕಿ ಕೊಟ್ಟರೆ ಆ ಕಾಗದವನ್ನೂ ಹಾಳೆಗೆ ಸೇರಿಸಿ, ತಾರೀಕಿನ ಸಮೇತ. ಸೇತುವೆ ಆ ಕಡೆಯದಕ್ಕೆ ಮೈಸೂರಿಗೆ ಬೇರೆ ಅರ್ಜಿ ಹಾಕಬೇಕು.